ಅನಿಲಕ್ಕೂ ಅನಿಲೀನಿಗೂ ನಂಟಿಲ್ಲ

ಹೊರನಾಡಿನ ಕನ್ನಡ ಸಂಘಗಳಲ್ಲಿ ಓಡಾಡುವ ನಮಗೆಲ್ಲ ಎರಡು ಬಗೆಯ ಮಾತು ಚೆನ್ನಾಗಿ ಪರಿಚಿತ. ಒಂದು ವೇದಿಕೆಯ ಮಾತು. ನವೆಂಬರ್ ತಿಂಗಳು ಬಂದರೆ ಸಾಕು, ಪಾಶ್ಚಾತ್ಯರ ವಿಜ್ಞಾನದ ಶಬ್ದಗಳೆಲ್ಲ ನಮ್ಮಿಂದಲೇ ಹೋದವು ಎಂಬ ಘೋಷಣೆ ಕೇಳಿಬರುತ್ತದೆ. ಸಾಕ್ಷಿಗೆಂದು ನಾಲ್ಕಾರು ಶಬ್ದಗಳು ಚಪ್ಪಾಳೆಯ ನಡುವೆ ಉದುರುತ್ತವೆ. ಇನ್ನೊಂದು ಮನೆಯ ಮಾತು. ಅದೇ ಚಪ್ಪಾಳೆ ತಟ್ಟಿದವರು ಮನೆಗೆ ಹೋದ ಮೇಲೆ, ಮಗಳು ರಸಾಯನಶಾಸ್ತ್ರದ ಪುಸ್ತಕ ಹಿಡಿದು ಏನಾದರೂ ಕೇಳಿದರೆ, "ಅದೆಲ್ಲ ಇಂಗ್ಲಿಷಿನ ವಿಷಯ, ಕನ್ನಡದಲ್ಲಿ ಹೇಳಲು ಬರುವುದಿಲ್ಲ, ಟ್ಯೂಷನ್ನಿನಲ್ಲಿ ಕೇಳಿಕೋ" ಎಂದುಬಿಡುತ್ತಾರೆ.

ಮೊದಲನೆಯದನ್ನು ಅಭಿಮಾನವೆನ್ನುತ್ತೇವೆ, ಎರಡನೆಯದನ್ನು ವ್ಯವಹಾರಜ್ಞಾನವೆನ್ನುತ್ತೇವೆ. ನಮ್ಮ ಅಭಿಪ್ರಾಯದಲ್ಲಿ ಇವೆರಡೂ ಒಂದೇ ಸೋಮಾರಿತನದ ಮಕ್ಕಳು. ಒಂದು ಶಬ್ದ ಎಲ್ಲಿಂದ ಬಂತು, ಯಾಕೆ ಬಂತು, ಅದರ ಹಿಂದಿರುವ ವಸ್ತು ಯಾವುದು ಎಂದು ಕೇಳುವ ಶ್ರಮವನ್ನು ಇಬ್ಬರೂ ಪಡುವುದಿಲ್ಲ. ಈ ಮಾತನ್ನು ಬರಿದೇ ಹೇಳಿದರೆ ಉಪದೇಶವಾಗುತ್ತದೆ. ಆದ್ದರಿಂದ ಒಂದೇ ಒಂದು ಶಬ್ದವನ್ನು ಎತ್ತಿಕೊಂಡು ನೋಡೋಣ. ಆ ಶಬ್ದ 'ಅನಿಲೀನ್'.

ಮೇಲುನೋಟಕ್ಕೆ ಅಭಿಮಾನಿಗಳಿಗೆ ಇದಕ್ಕಿಂತ ರುಚಿಯಾದ ತುತ್ತು ಇನ್ನೊಂದಿಲ್ಲ. ನಮ್ಮ ಪಠ್ಯಪುಸ್ತಕಗಳಲ್ಲಿ ಗ್ಯಾಸ್ ಎಂಬುದಕ್ಕೆ 'ಅನಿಲ' ಎಂಬ ಶಬ್ದವಿದೆ. ಅನಿಲವೆಂದರೆ ಸಂಸ್ಕೃತದಲ್ಲಿ ಗಾಳಿ. ನಮ್ಮಲ್ಲಿ ಅನಿಲನೂ ಅನಿಲಕುಮಾರನೂ ಇಲ್ಲದ ಬೀದಿಯಿಲ್ಲ. ಹೀಗಿರುವಾಗ ರಸಾಯನಶಾಸ್ತ್ರದಲ್ಲಿ 'ಅನಿಲೀನ್' ಎಂಬ ವಸ್ತು ಸಿಕ್ಕಿದ ಕೂಡಲೇ, "ನೋಡಿ, ನಮ್ಮ ಅನಿಲವೇ ಅಲ್ಲಿಗೆ ಹೋಗಿ ಬಾಲ ಬೆಳೆಸಿಕೊಂಡಿದೆ" ಎಂದು ಹೇಳುವುದು ಎಷ್ಟು ಸುಲಭ!

ಸುಲಭ, ಆದರೆ ಸುಳ್ಳು. ಅನಿಲೀನ್ ಅನಿಲವೇ ಅಲ್ಲ. ಅದೊಂದು ಎಣ್ಣೆಯಂಥ ದ್ರವ. ಕೊಳೆತ ಮೀನಿನ ವಾಸನೆ, ಮೈಗೆ ತಗುಲಿದರೂ ವಿಷ. ನೀರು 100 ಡಿಗ್ರಿಗೆ ಕುದಿದರೆ ಇದು ಕುದಿಯುವುದು ಸುಮಾರು 184 ಡಿಗ್ರಿಗೆ. ಇಂಥ ವಸ್ತುವಿಗೆ ಗಾಳಿಯ ಹೆಸರನ್ನು ಯಾರು, ಏಕೆ ಇಟ್ಟಾರು? ಶಬ್ದಗಳ ಮೂಲ ಹುಡುಕುವವರು ಕೇಳಲೇಬೇಕಾದ ಮೊದಲ ಪ್ರಶ್ನೆ ಇದು: ಹೆಸರಿಟ್ಟವರು ಯಾರು, ಯಾವಾಗ ಇಟ್ಟರು, ಅವರ ಕಣ್ಣೆದುರು ಏನಿತ್ತು? ಎರಡು ಶಬ್ದಗಳು ಕಿವಿಗೆ ಒಂದೇ ಥರ ಕೇಳಿದ ಮಾತ್ರಕ್ಕೆ ನಂಟಸ್ತನ ಹೇಳುವುದಾದರೆ, ರೈಲಿನಲ್ಲಿ ಎದುರಿಗೆ ಕುಳಿತ ಪ್ರತಿಯೊಬ್ಬ ರಾಯರೂ ನಮ್ಮ ಸೋದರಮಾವನೇ ಆಗಬೇಕಾದೀತು.

ಅನಿಲೀನಿನ ವಿಷಯದಲ್ಲಿ ಆ ಪ್ರಶ್ನೆಗೆ ಸ್ಪಷ್ಟವಾದ ಉತ್ತರ ಸಿಗುತ್ತದೆ. 1826ರಲ್ಲಿ ಒಟ್ಟೊ ಉನ್ವರ್ಡೋರ್ಬೆನ್ ಎಂಬ ಜರ್ಮನ್ ವಿಜ್ಞಾನಿ ನೀಲಿಬಣ್ಣವನ್ನು, ಅಂದರೆ ನೀಲಿಗಿಡದಿಂದ ತೆಗೆದ ಇಂಡಿಗೊವನ್ನು, ಕಾಯಿಸಿ ಭಟ್ಟಿಯಿಳಿಸಿದರು. ಬಂದ ದ್ರವ ಆಮ್ಲಗಳೊಡನೆ ಸೇರಿ ಹರಳುಗಟ್ಟುತ್ತಿತ್ತು. ಅದಕ್ಕೆ ಅವರಿಟ್ಟ ಹೆಸರು 'ಕ್ರಿಸ್ಟಲೀನ್'. 1834ರಲ್ಲಿ ರುಂಗೆ ಎಂಬ ಇನ್ನೊಬ್ಬರು ಕಲ್ಲಿದ್ದಲ ಡಾಂಬರಿನಿಂದ ಒಂದು ವಸ್ತುವನ್ನು ಬೇರ್ಪಡಿಸಿದರು. ಬ್ಲೀಚಿಂಗ್ ಪೌಡರ್ ಸೋಕಿದರೆ ಅದು ನೀಲಿಬಣ್ಣ ತೋರಿಸುತ್ತಿತ್ತು. ಗ್ರೀಕ್ ಭಾಷೆಯ ನೀಲಿವಾಚಕ ಶಬ್ದದಿಂದ ಅವರು 'ಕ್ಯಾನಾಲ್' ಎಂದು ಹೆಸರಿಟ್ಟರು. 1840ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಫ್ರಿಟ್ಜ್‌ಶೆ ನೀಲಿಬಣ್ಣವನ್ನೇ ಕಾಸ್ಟಿಕ್ ಪೊಟ್ಯಾಷಿನೊಡನೆ ಕಾಯಿಸಿ ಒಂದು ಎಣ್ಣೆಯನ್ನು ಪಡೆದು 'ಅನಿಲೀನ್' ಎಂದರು. 1842ರಲ್ಲಿ ಕಜಾನಿನ ಜಿನಿನ್ ನೈಟ್ರೊಬೆಂಜೀನಿನಿಂದ ಒಂದು ವಸ್ತುವನ್ನು ತಯಾರಿಸಿ 'ಬೆಂಜಿಡಾಮ್' ಎಂದರು. ಮರುವರ್ಷವೇ, 1843ರಲ್ಲಿ, ಹಾಫ್‌ಮನ್ ಈ ನಾಲ್ಕನ್ನೂ ಹೋಲಿಸಿ ನೋಡಿ, ಇವು ನಾಲ್ಕು ವಸ್ತುಗಳಲ್ಲ, ನಾಲ್ಕು ಹೆಸರು ಹೊತ್ತ ಒಂದೇ ವಸ್ತು ಎಂದು ತೋರಿಸಿಕೊಟ್ಟರು. ಮೂರು ಹೆಸರುಗಳು ಮೂಲೆಗೆ ಸರಿದವು. ಫ್ರಿಟ್ಜ್‌ಶೆ ಇಟ್ಟ ಹೆಸರು ಉಳಿಯಿತು.

ಫ್ರಿಟ್ಜ್‌ಶೆಯವರ ಕಣ್ಣೆದುರು ಇದ್ದದ್ದು ಗಾಳಿಯಲ್ಲ, ನೀಲಿ. ನೀಲಿಗಿಡಕ್ಕೂ ಅದರ ಬಣ್ಣಕ್ಕೂ ಪೋರ್ಚುಗೀಸ್ ಮತ್ತು ಸ್ಪ್ಯಾನಿಷ್ ಭಾಷೆಗಳಲ್ಲಿ 'ಅನಿಲ್' ಎಂದು ಹೆಸರು. ಆ ಹೆಸರಿಗೆ, ಕ್ವಿನೈನ್, ಮಾರ್ಫೀನ್ ಮೊದಲಾದ ಪ್ರತ್ಯಾಮ್ಲಗಳಿಗೆ ಹಚ್ಚುವ ಬಾಲವನ್ನೇ ಹಚ್ಚಿ ಅನಿಲೀನ್ ಎಂದರು. ಐಬೀರಿಯದವರಿಗೆ ಈ 'ಅನಿಲ್' ಬಂದದ್ದು ಅರಬರಿಂದ. ಅರಬ್ಬಿಯಲ್ಲಿ ನಾಮಪದದ ಹಿಂದೆ 'ಅಲ್' ಎಂಬುದೊಂದು ಸೇರಿಕೊಳ್ಳುತ್ತದೆ; ಆಲ್ಕೋಹಾಲ್, ಆಲ್ಕಲಿ ಎಂಬ ಶಬ್ದಗಳ ಹಣೆಯ ಮೇಲಿರುವ ಮುದ್ರೆ ಅದೇ. ಆದರೆ ಮುಂದೆ 'ನ'ಕಾರ ಬಂದರೆ ಆ 'ಲ್' ತಾನೂ 'ನ್' ಆಗುತ್ತದೆ. ತತ್ ಮತ್ತು ಲೀನ ಸೇರಿದರೆ ತಲ್ಲೀನವಾಗುವುದನ್ನು ಬಲ್ಲ ನಮ್ಮ ಮಕ್ಕಳಿಗೆ ಇದು ವಿಚಿತ್ರವೆನಿಸಲಾರದು. ಅಲ್ ಮತ್ತು ನೀಲ್ ಸೇರಿ 'ಅನ್ನೀಲ್'. ಅರಬರಿಗೆ ಈ 'ನೀಲ್' ಪಾರಸಿಯಿಂದ ಬಂತು. ಪಾರಸಿಯವರಿಗೆ ನಮ್ಮ ದೇಶದಿಂದ, ಸಂಸ್ಕೃತದ 'ನೀಲ', 'ನೀಲೀ' ಶಬ್ದಗಳಿಂದ. ದಾರಿಯಲ್ಲಿ ದೀರ್ಘ ಸವೆದು ಹ್ರಸ್ವವಾಯಿತು. ಅರಬ್ಬಿಯ 'ಅನ್' ಮಾತ್ರ ಅಂಟಿಕೊಂಡೇ ಉಳಿಯಿತು. ಹೀಗಾಗಿ ನಮಗೆ ಅದು ಅನಿಲದಂತೆ ಕಾಣುತ್ತದೆ. ನಿಜವಾಗಿ ಅನಿಲೀನಿನ ನಂಟು ಎದುರುಮನೆಯ ಅನಿಲಕುಮಾರನೊಡನೆ ಇಲ್ಲ, ಹಿಂದಿನ ಬೀದಿಯ ನೀಲಮ್ಮನೊಡನೆ ಇದೆ.

ಇಷ್ಟು ಹೇಳಿದ ಕೂಡಲೇ ಅಭಿಮಾನಿಗಳು ಎದ್ದುನಿಂತು, "ಸರಿಯಪ್ಪ, ಅನಿಲವಲ್ಲದಿದ್ದರೆ ನೀಲ! ಹೇಗಾದರೂ ನಮ್ಮದೇ ಆಯಿತಲ್ಲ?" ಎಂದಾರು. ನಮ್ಮ ತಕರಾರು ಶುರುವಾಗುವುದೇ ಇಲ್ಲಿ. ಏನು ನಮ್ಮದಾಯಿತು? ನೀಲಿಗಿಡ ಬೆಳೆದು, ಅದನ್ನು ತೊಟ್ಟಿಯಲ್ಲಿ ಕೊಳೆಹಾಕಿ, ನೀರನ್ನು ಬಡಿದು, ತಳದಲ್ಲಿ ಕೂತ ಬಣ್ಣವನ್ನು ಬಿಲ್ಲೆಗಟ್ಟಿ ಒಣಗಿಸುವ ವಿದ್ಯೆ ಈ ದೇಶದ ರೈತರದು, ಬಣ್ಣಗಾರರದು. ಆ ಬಿಲ್ಲೆಯೊಡನೆ ಅದರ ಹೆಸರೂ ಹಡಗು ಹತ್ತಿತು. ಇಂಡಿಗೊ ಎಂಬ ಇನ್ನೊಂದು ಹೆಸರಿನ ಅರ್ಥವೂ 'ಇಂಡಿಯದ್ದು' ಎಂದೇ. ಗ್ರೀಕರು ಕೊಟ್ಟ ಹೆಸರದು. ಈ ಮಟ್ಟಿಗೆ ಹೆಮ್ಮೆಪಡೋಣ, ಅದಕ್ಕೆ ಆಧಾರವಿದೆ. ಆದರೆ ಬಣ್ಣದೊಳಗೆ ಅಡಗಿದ್ದ ಅನಿಲೀನನ್ನು ಹೊರತೆಗೆದವರು, ಡಾಂಬರಿನಲ್ಲೂ ಅದೇ ಇದೆಯೆಂದು ಕಂಡವರು, ಅಳೆದು ತೂಗಿ ನಾಲ್ಕೂ ಒಂದೇ ಎಂದು ಸಾಧಿಸಿದವರು ಬೇರೆಯವರು. "ನಮ್ಮಜ್ಜ ತುಪ್ಪ ತಿಂದಿದ್ದ, ನನ್ನ ಕೈ ಮೂಸಿ ನೋಡಿ" ಎಂಬ ಗಾದೆ ನಮ್ಮಲ್ಲೇ ಇದೆ. ನಮ್ಮ ವೇದಿಕೆಗಳು ಅದನ್ನು ಮರೆಯದಿರಲಿ.

ಆ ಹೆಸರಿನ ಮುಂದಿನ ಕಥೆಯನ್ನು ಕೇಳಿದರೆ ಚಪ್ಪಾಳೆ ತಟ್ಟುವ ಕೈ ತಾನಾಗಿಯೇ ನಿಲ್ಲುತ್ತದೆ. 1856ರಲ್ಲಿ ಲಂಡನ್ನಿನಲ್ಲಿ ಹಾಫ್‌ಮನ್ನರ ಶಿಷ್ಯ, 18 ವರ್ಷದ ಹುಡುಗ ಪರ್ಕಿನ್, ಮಲೇರಿಯಕ್ಕೆ ಮದ್ದಾದ ಕ್ವಿನೈನನ್ನು ಕೃತಕವಾಗಿ ಮಾಡಹೊರಟು, ಅಶುದ್ಧ ಅನಿಲೀನಿನಿಂದ ನೇರಳೆಬಣ್ಣವನ್ನು ಪಡೆದ. ಡಾಂಬರಿನಿಂದ ಬಣ್ಣ ತೆಗೆಯುವ ಕೈಗಾರಿಕೆ ಹುಟ್ಟಿದ್ದು ಅಲ್ಲಿಂದ. ಒಂದು ಕಾಲದಲ್ಲಿ ನಮ್ಮ ಮನೆಗಳ ಕ್ಯಾಸೆಟ್ಟುಗಳ ಮೇಲೆ 'ಬಿ.ಎ.ಎಸ್.ಎಫ್.' ಎಂದಿರುತ್ತಿತ್ತು, ನೆನಪಿದೆಯೇ? 1865ರಲ್ಲಿ ಜರ್ಮನಿಯಲ್ಲಿ ಸ್ಥಾಪನೆಯಾದ ಆ ಕಂಪನಿಯ ಪೂರ್ಣ ಹೆಸರಿನಲ್ಲಿರುವ 'ಎ' ಅನಿಲೀನಿನದು. ಮದುವೆ ಮುಂಜಿಗಳ ಫೋಟೋ ತೆಗೆದ 'ಆಗ್ಫಾ' ಫಿಲ್ಮಿನ ಹೆಸರಿನಲ್ಲೂ ಅನಿಲೀನ್ ಕಾರ್ಖಾನೆಯೇ ಅಡಗಿದೆ. ನಮ್ಮ ನೀಲಮ್ಮ ಇಷ್ಟು ದಿನ ನಮ್ಮ ಮನೆಯ ಕಪಾಟಿನಲ್ಲೇ ಗುರುತು ಸಿಗದೆ ಕುಳಿತಿದ್ದಳು.

ಈ ಕಾರ್ಖಾನೆಗಳು ಕೆಂಪು, ನೇರಳೆಗಳಿಗೆ ನಿಲ್ಲಲಿಲ್ಲ, ನೀಲಿಗೇ ಕೈಹಾಕಿದವು. ಬಾಯರ್ ಎಂಬ ವಿಜ್ಞಾನಿ 1883ರ ಹೊತ್ತಿಗೆ ನೀಲಿಯ ಒಳರಚನೆಯನ್ನು ಬಿಡಿಸಿಟ್ಟರು. 1890ರಲ್ಲಿ ಹಾಯ್‌ಮನ್ ಅನಿಲೀನಿನಿಂದಲೇ ನೀಲಿಯನ್ನು ತಯಾರಿಸುವ ದಾರಿ ತೋರಿಸಿದರು. 1897ರಲ್ಲಿ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂತು. ಮೊದಮೊದಲು ಅದನ್ನು ನ್ಯಾಫ್ತಲೀನಿನಿಂದ ಮಾಡುತ್ತಿದ್ದರು. 1901ರ ಸುಧಾರಣೆಯ ನಂತರ ಅನಿಲೀನಿನ ದಾರಿಯೇ ಲಾಭದ್ದಾಯಿತು. ನೀಲಿಯಿಂದ ಹೆಸರು ಪಡೆದ ವಸ್ತುವೇ ನೀಲಿಗಿಡವನ್ನು ಹೊಲದಿಂದ ಎಬ್ಬಿಸಿತು.

ಹೊಲದಲ್ಲಿ ಯಾರಿದ್ದರು? ಬಂಗಾಳದಲ್ಲಿ ತೋಟದ ದೊರೆಗಳ ದಬ್ಬಾಳಿಕೆಯಿಂದ ಬೇಸತ್ತು 1859-60ರಲ್ಲಿ ದಂಗೆಯೆದ್ದ ರೈತರಿದ್ದರು. ದೀನಬಂಧು ಮಿತ್ರರು 'ನೀಲದರ್ಪಣ' ನಾಟಕ ಬರೆದದ್ದು ಅವರ ಪಾಡನ್ನು ಕಂಡು. ಬಿಹಾರದ ಚಂಪಾರಣ್ಯದಲ್ಲಿ 20 ಕಟ್ಟಾ ನೆಲದಲ್ಲಿ 3 ಕಟ್ಟಾ ನೀಲಿ ಬೆಳೆಯಲೇಬೇಕೆಂಬ ಕಟ್ಟುಪಾಡಿಗೆ ಸಿಕ್ಕ ಗೇಣಿದಾರರಿದ್ದರು. ಜರ್ಮನ್ ನೀಲಿಯ ಹೊಡೆತಕ್ಕೆ ಬೆಲೆ ಕುಸಿದಾಗ ದೊರೆಗಳು ನಷ್ಟವನ್ನು ತಾವು ಹೊರಲಿಲ್ಲ. ನೀಲಿ ಬೆಳೆಯುವ ಕಟ್ಟಿನಿಂದ ಬಿಡುಗಡೆ ಕೊಡುತ್ತೇವೆಂದು ಹೇಳಿ ಗೇಣಿ ಏರಿಸಿದರು, ಪರಿಹಾರವೆಂದು ದುಡ್ಡು ಕಿತ್ತರು. ಗಾಂಧೀಜಿ 1917ರಲ್ಲಿ ಚಂಪಾರಣ್ಯಕ್ಕೆ ಹೋದದ್ದು ಈ ರೈತರ ಅಹವಾಲು ಕೇಳಲು. ಮರುವರ್ಷದ ಕಾಯಿದೆಯಿಂದ ಆ ಪದ್ಧತಿ ರದ್ದಾಯಿತು. 'ಅನಿಲೀನ್ ನಮ್ಮ ಶಬ್ದ' ಎಂದು ಎದೆತಟ್ಟಿಕೊಳ್ಳುವವರು ಇಷ್ಟನ್ನೂ ಹೇಳಬೇಕು. ಹೇಳದಿದ್ದರೆ ಆ ರೈತರ ಬೆವರನ್ನು ಒರೆಸಿಹಾಕಿ ಹೆಸರನ್ನಷ್ಟೇ ಕದ್ದಂತೆ.

ಶಬ್ದಗಳು ನಮ್ಮಿಂದ ಹೋದವು ಎನ್ನುವವರು ನಮ್ಮಲ್ಲಿಗೆ ಬಂದವುಗಳ ಲೆಕ್ಕವನ್ನೂ ಇಡಲಿ. ಪಾತ್ರೆಗೆ ಕಲಾಯಿ ಹಾಕುವವನು ಕಾದ ಹಿತ್ತಾಳೆಯ ಮೇಲೆ ಉದುರಿಸುವ ಬಿಳಿಯ ಪುಡಿಗೆ ನಮ್ಮಲ್ಲಿ 'ನವಸಾಗರ' ಎನ್ನುತ್ತಾರೆ. ರಸಾಯನಶಾಸ್ತ್ರದಲ್ಲಿ ಅಮೋನಿಯಂ ಕ್ಲೋರೈಡ್. ಹೊಸ ಸಾಗರ, ಒಂಬತ್ತು ಸಾಗರ ಎಂದೆಲ್ಲ ಅರ್ಥ ಹಚ್ಚಿ ಪುರಾಣ ಕಟ್ಟಲು ಎಷ್ಟು ಅನುಕೂಲವಾದ ಹೆಸರು! ಆದರೆ ಅದು ಪಾರಸಿಯ 'ನೌಶಾದರ್' ನಮ್ಮ ಬಾಯಲ್ಲಿ ತಿರುಗಿದ ರೂಪ. ಇತ್ತ ನಮ್ಮ ಶರ್ಕರೆ ಗ್ರೀಕ್, ಲ್ಯಾಟಿನ್‌ಗಳನ್ನು ಹಾದು, 1879ರಲ್ಲಿ ಅಮೆರಿಕದಲ್ಲಿ ಡಾಂಬರಿನ ಉತ್ಪನ್ನದಿಂದ ಸಿಕ್ಕಿದ ಸಿಹಿವಸ್ತುವಿಗೆ 'ಸ್ಯಾಕರಿನ್' ಎಂಬ ಹೆಸರು ಕೊಟ್ಟಿತು. ಸಕ್ಕರೆಯ ಹೆಸರು ಹೊತ್ತ ಅದರಲ್ಲಿ ಸಕ್ಕರೆ ಒಂದು ಚೂರೂ ಇಲ್ಲ. ಶಬ್ದಗಳಿಗೆ ಜಾತಿಯಿಲ್ಲ, ಪಾಸ್‌ಪೋರ್ಟೂ ಇಲ್ಲ. ಅವು ಸರಕಿನ ಜೊತೆ, ಜನರ ಜೊತೆ ಹೋಗುತ್ತವೆ, ಬರುತ್ತವೆ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಈಗ ಎರಡನೆಯ ಪಂಗಡದವರಿಗೆ ಎರಡು ಮಾತು. ವಿಜ್ಞಾನ ಇಂಗ್ಲಿಷಿನದು, ಕನ್ನಡಕ್ಕೆ ದಕ್ಕದು ಎನ್ನುವವರೇ, ಅನಿಲೀನಿನಲ್ಲಿ ಇಂಗ್ಲಿಷು ಎಷ್ಟಿದೆ ತೋರಿಸಿ. ಬೇರು ಸಂಸ್ಕೃತದ್ದು, ಕಾಂಡ ಪಾರಸಿ ಮತ್ತು ಅರಬ್ಬಿಯದು, ಕೊಂಬೆ ಪೋರ್ಚುಗೀಸರದು, ಹೆಸರಿಟ್ಟವರು ರಷ್ಯದಲ್ಲಿದ್ದ ಜರ್ಮನರು. ನಮ್ಮ ಹಾಗೆಯೇ ಇಂಗ್ಲಿಷರೂ ಅದನ್ನು ಎರವಲು ತಂದವರು. ಅವರು ನಾಚಿಕೊಳ್ಳಲಿಲ್ಲ, ನಾವೇಕೆ ನಾಚಬೇಕು? ಅರಬ್ಬಿಯ ಕುರ್ಚಿಯ ಮೇಲೆ ಕುಳಿತು, ಪೋರ್ಚುಗೀಸರ ಚಾವಿಯಿಂದ ಪೋರ್ಚುಗೀಸರದೇ ಅಲಮಾರು ತೆಗೆಯುವ ಕನ್ನಡ, ಅನಿಲೀನಿಗೆ ಜಾಗ ಕೊಡಲಾರದೆ? ಅನಿಲೀನನ್ನು, ಅನಿಲೀನಿನಿಂದ, ಅನಿಲೀನಿಗೆ, ಅನಿಲೀನಿನಲ್ಲಿ ಎಂದು ವಿಭಕ್ತಿ ಹಚ್ಚಿದ ಕೂಡಲೇ ಅದು ಕನ್ನಡದ ವಾಕ್ಯದಲ್ಲಿ ಕಾಲು ಚಾಚಿ ಕುಳಿತುಕೊಳ್ಳುತ್ತದೆ. ಈ ಲೇಖನದುದ್ದಕ್ಕೂ ಅದು ಕುಳಿತೇ ಇದೆ. ಯಾರಿಗಾದರೂ ತೊಂದರೆಯಾಯಿತೇ?

ಕನ್ನಡದಲ್ಲಿ ವಿಜ್ಞಾನ ಹೇಳುವುದು ಹೊಸ ಸಾಹಸವೂ ಅಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರರು 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಶುರುಮಾಡಿದ್ದು 1918ರಲ್ಲಿ. ಶಿವರಾಮ ಕಾರಂತರು ಒಬ್ಬರೇ ಕುಳಿತು ಮಕ್ಕಳಿಗೆ 'ಬಾಲ ಪ್ರಪಂಚ', ದೊಡ್ಡವರಿಗೆ 'ವಿಜ್ಞಾನ ಪ್ರಪಂಚ' ಸಂಪುಟಗಳನ್ನು ಬರೆದುಕೊಟ್ಟರು. ಎಲ್ಲಕ್ಕಿಂತ ಹೆಚ್ಚಾಗಿ ನಾವು ನೆನೆಯಬೇಕಾದವರು ಬಿ.ಜಿ.ಎಲ್. ಸ್ವಾಮಿಯವರು. ಅವರು ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದದ್ದು ನಮ್ಮ ಹಾಗೆ ಹೊರನಾಡಿನಲ್ಲಿ, ಚೆನ್ನೈಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ. ಪಾಠ ಇಂಗ್ಲಿಷಿನಲ್ಲಿ, ಸುತ್ತಮುತ್ತ ತಮಿಳು. ಆದರೂ ಗಿಡಮರಗಳ ಕಥೆಯನ್ನು 'ಹಸುರು ಹೊನ್ನು' ಎಂದು ಕನ್ನಡದಲ್ಲಿ ಬರೆದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಹೊರನಾಡಿನಲ್ಲಿದ್ದೇವೆ, ಏನು ಮಾಡಲಾದೀತು ಎಂಬ ನೆಪ ಅವರಿಗೆ ಬೇಕಾಗಲಿಲ್ಲ.

ಇದಕ್ಕೆ ಬರುವ ಆಕ್ಷೇಪಗಳು ನಮಗೆ ಗೊತ್ತಿಲ್ಲದಿಲ್ಲ. "ಮಕ್ಕಳ ಪರೀಕ್ಷೆ ಇಂಗ್ಲಿಷಿನಲ್ಲಿ. ಶಾಲೆಯಲ್ಲಿ ಹಿಂದಿ ಬೇರೆ, ಆಯಾ ರಾಜ್ಯದ ಭಾಷೆ ಬೇರೆ. ಇದರ ಮೇಲೆ ಕನ್ನಡದಲ್ಲಿ ರಸಾಯನಶಾಸ್ತ್ರದ ಹೊರೆಯೇ?" ನ್ಯಾಯವಾದ ಮಾತು. ಮುಂಬಯಿಯಲ್ಲಿ, ದೆಹಲಿಯಲ್ಲಿ ಕನ್ನಡ ಮಾಧ್ಯಮದ ಪ್ರಯೋಗಶಾಲೆ ತೆರೆಯಿರಿ ಎಂದು ನಾವು ಕೇಳುತ್ತಿಲ್ಲ. ಪರೀಕ್ಷೆಯನ್ನು ಅದರ ಭಾಷೆಯಲ್ಲೇ ಬರೆಯಲಿ. ಆದರೆ ಊಟದ ಹೊತ್ತಿನಲ್ಲಿ, "ಅಪ್ಪಾ, ನನ್ನ ಜೀನ್ಸಿನ ನೀಲಿಬಣ್ಣ ಎಲ್ಲಿಂದ ಬರುತ್ತದೆ?" ಎಂದು ಮಗು ಕೇಳಿದರೆ, ಬಹುಪಾಲು ಅದು ಅನಿಲೀನಿನಿಂದ ಮಾಡಿದ ನೀಲಿ ಎಂದು ಕನ್ನಡದಲ್ಲಿ ಹೇಳಲು ಯಾವ ಮಂಡಳಿಯ ಅನುಮತಿಯೂ ಬೇಡ. 'ಊಟ ಆಯ್ತಾ', 'ಬೇಗ ಮಲಗು' ಎಂಬಷ್ಟಕ್ಕೇ ಕನ್ನಡವನ್ನು ಕಟ್ಟಿಹಾಕಿ, ಯೋಚನೆಯ ಮಾತು ಬಂದಾಗಲೆಲ್ಲ ಇಂಗ್ಲಿಷಿಗೆ ಹಾರುವ ಮನೆಯಲ್ಲಿ ಮಗು ಒಂದು ಪಾಠವನ್ನಂತೂ ಚೆನ್ನಾಗಿ ಕಲಿಯುತ್ತದೆ: ಬುದ್ಧಿಯ ಕೆಲಸಕ್ಕೆ ಅಮ್ಮನ ಭಾಷೆ ಒದಗುವುದಿಲ್ಲ ಎಂದು. ಆಮೇಲೆ, ಮಕ್ಕಳು ಕನ್ನಡ ಬಿಟ್ಟರೆಂದು ಸಂಘದ ಸಭೆಯಲ್ಲಿ ಕಣ್ಣೀರು ಹಾಕುತ್ತೇವೆ!

ಇನ್ನೊಂದು ಆಕ್ಷೇಪ ವೇದಿಕೆಯವರದು. "ಅಭಿಮಾನ ಬೆಳೆಯಬೇಕಾದರೆ ಸ್ವಲ್ಪ ಉತ್ಪ್ರೇಕ್ಷೆ ಬೇಕಪ್ಪ. ಅನಿಲವೋ ನೀಲವೋ, ಮಕ್ಕಳು ಖುಷಿಪಟ್ಟರೆ ನಷ್ಟವೇನು?" ನಷ್ಟವಿದೆ, ಬಹಳ ದೊಡ್ಡದಿದೆ. ಇಂದಿನ ಮಕ್ಕಳು ನಮ್ಮ ಮಾತನ್ನು ಪರೀಕ್ಷಿಸಿ ನೋಡುತ್ತಾರೆ. ಒಳ್ಳೆಯ ನಿಘಂಟೊಂದನ್ನು ತೆಗೆದು, ಅನಿಲೀನಿಗೂ ಅನಿಲಕ್ಕೂ ಸಂಬಂಧವಿಲ್ಲವೆಂದು ಕಂಡ ಹದಿನೈದರ ಹುಡುಗ ಅಷ್ಟಕ್ಕೇ ನಿಲ್ಲುವುದಿಲ್ಲ. ಸಂಘದ ಹಿರಿಯರು ಹೇಳಿದ ಉಳಿದದ್ದೂ ಹೀಗೆಯೇ ಇರಬೇಕು ಎಂದುಕೊಳ್ಳುತ್ತಾನೆ. ಕವಿರಾಜಮಾರ್ಗ ಒಂಬತ್ತನೆಯ ಶತಮಾನದ್ದು ಎಂಬ ನಿಜವೂ, ಪಂಪನು 941ರಲ್ಲಿ ಆದಿಪುರಾಣ ಬರೆದ ಎಂಬ ನಿಜವೂ ಆ ಒಂದು ಸುಳ್ಳಿನ ಜೊತೆಗೆ ಕಸದ ಬುಟ್ಟಿಗೆ ಹೋಗುತ್ತವೆ. ಸಾವಿರ ವರ್ಷದ ಆಸ್ತಿಯಿರುವವರು ಚಿಲ್ಲರೆ ಕಾಸಿಗಾಗಿ ಖೋಟಾ ನೋಟು ಚಲಾಯಿಸುವುದೇ?

ಆದ್ದರಿಂದ ನಮ್ಮ ಸಂಘಗಳ ಮುಂದೆ ಮೂರು ಬೇಡಿಕೆಗಳನ್ನಿಡುತ್ತೇವೆ. ಒಂದು, ಯಾವ ಶಬ್ದದ ಮೂಲವನ್ನೇ ಆಗಲಿ ವೇದಿಕೆಯಲ್ಲಿ ಹೇಳುವ ಮುಂಚೆ, ಪತ್ರಿಕೆಯಲ್ಲಿ ಅಚ್ಚುಹಾಕುವ ಮುಂಚೆ, ಹೆಸರಿಟ್ಟವರು ಯಾರು, ಯಾವ ವರ್ಷ, ಏಕೆ ಎಂಬ ಮೂರಕ್ಕೂ ಉತ್ತರ ಹುಡುಕಲಿ. ಉತ್ತರ ಸಿಗದ ಮಾತನ್ನು ಕೈಬಿಡಲಿ. ಎರಡು, ಭಾನುವಾರದ ಕನ್ನಡ ತರಗತಿಯಲ್ಲಿ ತಿಂಗಳಿಗೊಮ್ಮೆಯಾದರೂ ಇಂಥ ಒಂದು ಶಬ್ದದ ಪಾಠವಾಗಲಿ. ನೀಲಿಯ ಒಂದು ಪಾಠದಲ್ಲಿ ಸಂಧಿಯೂ ಇದೆ, ಸಮುದ್ರವ್ಯಾಪಾರವೂ ಇದೆ, ಚಂಪಾರಣ್ಯವೂ ಇದೆ, ರಸಾಯನವೂ ಇದೆ. ಮೂರು, ನಮ್ಮ ಸದಸ್ಯರಲ್ಲಿ ಬಣ್ಣದ ಕಾರ್ಖಾನೆಯಲ್ಲಿ, ಔಷಧ ಕಂಪನಿಯಲ್ಲಿ, ಆಸ್ಪತ್ರೆಯಲ್ಲಿ, ಪ್ರಯೋಗಾಲಯದಲ್ಲಿ ದುಡಿದವರು ಬೇಕಾದಷ್ಟಿದ್ದಾರೆ. ಮುಂಬಯಿ, ಪುಣೆಗಳ ನಡುವೆ 'ರಸಾಯನಿ' ಎಂಬ ಹೆಸರಿನ ಊರೇ ಇದೆ. 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಂಪನಿಯ ಕಾರ್ಖಾನೆ ಅಲ್ಲಿ ನೈಟ್ರೊಬೆಂಜೀನನ್ನೂ ಅನಿಲೀನನ್ನೂ ತಯಾರಿಸುತ್ತಿತ್ತು. ಇಂಥ ಕಡೆ ಕೆಲಸ ಮಾಡಿದವರನ್ನು ಹಾರ ಹಾಕಿ ಮುಂದಿನ ಸಾಲಿನಲ್ಲಿ ಕೂರಿಸಿ ಕಳಿಸಿಬಿಡುತ್ತೇವೆ. ಬದಲಿಗೆ ಅರ್ಧ ಗಂಟೆ ಅವರನ್ನು ಮಾತಾಡಿಸಿ. ತಾವು ಮಾಡಿದ ಕೆಲಸವನ್ನು, ಬೇಕಾದ ಕಡೆ ಇಂಗ್ಲಿಷ್ ಶಬ್ದ ಬೆರೆಸಿಯೇ ಆಗಲಿ, ಕನ್ನಡದ ವಾಕ್ಯದಲ್ಲಿ ಹೇಳಲಿ. ಮೊದಲ ಸಲ ತಡವರಿಸಿದರೆ ತಡವರಿಸಲಿ.

ನೀಲ ಎಂಬ ಶಬ್ದ ಇಲ್ಲಿಂದ ಹೊರಟು, ಹೋದ ಹೋದಲ್ಲಿ ಅಲ್ಲಿಯ ನುಡಿಗೆ ಒಗ್ಗಿಕೊಂಡು, ಕೊನೆಗೆ ಅನಿಲೀನ್ ಆಗಿ ನಮ್ಮ ಮಕ್ಕಳ ಪಾಠದ ಪುಸ್ತಕಕ್ಕೆ ಬಂದಿದೆ. ಅದು ಯಾರೆಂದು ಗುರುತಿಸಿ ಹೇಳಬೇಕಾದವರು ನಾವು. ಸುಳ್ಳು ನಂಟು ಹೇಳಿ ಮೆರೆಸುವುದೂ ಬೇಡ, ಗುರುತೇ ಇಲ್ಲವೆಂದು ಬಾಗಿಲು ಹಾಕಿಕೊಳ್ಳುವುದೂ ಬೇಡ. ಬರುವ ನವೆಂಬರಿನ ಭಾಷಣ ಬರೆಯಲು ಕೂರುವವರು ಮೊದಲು ನಿಘಂಟು ತೆಗೆಯಲಿ.